ಏಳಕ್ಕೆ ಬಂದು ಒಂದಕ್ಕೆ ಹೋಗುವ ಮಬ್ಬು

ನಿವೃತ್ತಳಾಗಿ ಆರು ವರ್ಷವಾದರೂ ಬೆಳಿಗ್ಗೆ ಕಿಟಕಿ ತೆರೆಯುವ ಮೊದಲು ನಾನು ಮೊಬೈಲಿನಲ್ಲಿ ನಮ್ಮ ವಿಮಾನ ನಿಲ್ದಾಣದ ಹವಾಮಾನ ವರದಿ ಓದುತ್ತೇನೆ. ಒಂದೇ ಸಾಲು, ಬರೀ ಅಂಕಿ ಮತ್ತು ತುಂಡು ಅಕ್ಷರಗಳು. ಟೈಪ್ ಮಾಡುವ ಯಂತ್ರದ ಮೇಲೆ ಬೆಕ್ಕು ನಡೆದುಹೋದಂತೆ ಇರುತ್ತದೆ. "ಕಿಟಕಿ ತೆಗೆದ್ರೆ ಕಾಣಲ್ವೇನಮ್ಮ?" ಎಂದು ಮಗಳು ರೇಗಿಸುತ್ತಾಳೆ. ಕಾಣುತ್ತದೆ. ಆದರೆ ಆ ಸಾಲು ಓದುವಾಗ ನನಗೆ ಒಬ್ಬರ ದನಿ ಕೇಳುತ್ತದೆ. ಈಗ ಅದನ್ನು ಯಂತ್ರ ಬರೆಯುತ್ತದೆಂದು ಗೊತ್ತಿದ್ದರೂ ಕೇಳುತ್ತದೆ.

ಅವರನ್ನು ಕಂಟ್ರೋಲ್ ಟವರಿನವರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರೂ ಗುರುಗಳು ಎನ್ನುತ್ತಿದ್ದರು. ನಿಲ್ದಾಣದ ಹವಾಮಾನ ವೀಕ್ಷಣಾಲಯಕ್ಕೆ ಹಿರಿಯ ವೀಕ್ಷಕರು. ನಾನು ಸೇರಿದ ದಿನ ಒಂದು ಚೀಟಿ ಮುಂದಿಟ್ಟು, "ಓದು" ಎಂದರು. ನಾನು ಒಂದೊಂದೇ ಅಕ್ಷರ ಓದಿದೆ.

"ಅಕ್ಷರ ಓದೋಕೆ ನಿನಗ್ಯಾಕಮ್ಮ ಸಂಬಳ? ಆಕಾಶ ಓದು."

ನನಗೆ ಮೂಗಿನ ತುದಿಯಲ್ಲೇ ಕೋಪ. ಮರುದಿನವೇ ಕೆಲಸ ಬಿಡುತ್ತೇನೆಂದುಕೊಂಡೆ. ಬಿಡಲಿಲ್ಲ, ಏಕೆಂದರೆ ಅವರು ಕಲಿಸಿದ್ದು ತಲೆಗೆ ಹತ್ತಿತು. ಮೊದಲು ಗಾಳಿ: ಯಾವ ದಿಕ್ಕಿನಿಂದ, ಎಷ್ಟು ನಾಟ್ ವೇಗ. ಆಮೇಲಿನ ನಾಲ್ಕು ಅಂಕಿ, ಎಷ್ಟು ಮೀಟರ್ ದೂರದವರೆಗೆ ಕಣ್ಣಿಗೆ ಕಾಣುತ್ತದೆ ಎಂಬುದು. ನಾಲ್ಕೂ ಒಂಬತ್ತಾದರೆ ಹತ್ತು ಕಿಲೋಮೀಟರ್ ಅಥವಾ ಅದಕ್ಕೂ ಹೆಚ್ಚು. ಅದರ ಪಕ್ಕದಲ್ಲಿ ಎಚ್, ಜೆಡ್ ಬಂದರೆ ಧೂಳಿನ ಒಣ ಮಬ್ಬು. ಕೊನೆಗೆ ಉಷ್ಣತೆ, ಮತ್ತು ಗಾಳಿಯಲ್ಲಿರುವ ನೀರು ಹನಿಗಟ್ಟುವ ಉಷ್ಣತೆಯಾದ ಇಬ್ಬನಿ ಬಿಂದು. ಆ ಕಾಲದಲ್ಲಿ ದೂರ ಅಳೆಯಲು ಯಂತ್ರವಿರಲಿಲ್ಲ. ಅರ್ಧ ಗಂಟೆಗೊಮ್ಮೆ ತಾರಸಿ ಹತ್ತಿ ನೋಡಬೇಕು. ನೀರಿನ ಟ್ಯಾಂಕ್ ಕಂಡರೆ ಒಂದು ಕಿಲೋಮೀಟರ್, ಮಿಲ್ಲಿನ ಚಿಮಣಿ ಕಂಡರೆ ಐದು, ಬೆಟ್ಟದ ಮೇಲಿನ ಕಂಬ ಕಂಡರೆ ಹತ್ತು. ವೀಕ್ಷಕರ ಕಣ್ಣೇ ಉಪಕರಣ. ಗುರುಗಳ ಕಣ್ಣಿನ ಬಗ್ಗೆ ಯಾರೂ ಚಕಾರ ಎತ್ತುತ್ತಿರಲಿಲ್ಲ.

ಮೂರನೆಯ ವರ್ಷ ನನಗೆ ಮಧ್ಯಾಹ್ನದ ಪಾಳಿ ಬಿತ್ತು. ಬೆಳಿಗ್ಗೆ ಏಳರದು ಎಂದಿನಂತೆ ಗುರುಗಳದ್ದು. ಒಂದು ಗಂಟೆಗೆ ಪಾಳಿ ವಹಿಸಿಕೊಳ್ಳುವಾಗ ಅವರು ಬರೆದ ಕೊನೆಯ ವರದಿಯಲ್ಲಿ ನಾಲ್ಕು ಸಾವಿರ ಮೀಟರ್, ಮಬ್ಬು. ನಾನು ತಾರಸಿ ಹತ್ತಿದರೆ ಕಂಬ ಎದ್ದು ಕಾಣುತ್ತಿತ್ತು. ಮೊದಲ ದಿನ ಮಬ್ಬು ಈಗತಾನೇ ಕರಗಿತೆಂದುಕೊಂಡೆ. ವಾರವಾದರೂ ಹಾಗೇ ಆದಾಗ ಮಬ್ಬಿರುವುದು ಅವರ ಕಣ್ಣಿನಲ್ಲೆಂದು ತಿಳಿಯಿತು. ಅವರ ನಿವೃತ್ತಿಗೆ ಏಳು ತಿಂಗಳಿತ್ತು. ಕಣ್ಣಿನ ಪರೀಕ್ಷೆಯಲ್ಲಿ ಸೋತವರು ತಾರಸಿ ಹತ್ತುವಂತಿಲ್ಲ, ಹಳೆಯ ಕಡತಗಳ ಕೋಣೆಗೆ ಹೋಗಿ ಕೂರಬೇಕು. ಆ ಕೋಣೆಗೆ ಕಿಟಕಿಯೂ ಇರಲಿಲ್ಲ. ನಾನು ಬಾಯಿಗೆ ಬೀಗ ಹಾಕಿಕೊಂಡು ಮೂರು ವಾರ ಕಳೆದೆ.

ಆ ಗುರುವಾರ ತಿಂಗಳ ವರದಿ ಸಿದ್ಧ ಮಾಡಲೆಂದು ಬೆಳಿಗ್ಗೆಯೇ ಹೋಗಿದ್ದೆ. ಎಂಟು ಗಂಟೆಗೆ ಟವರಿನಿಂದ ಫೋನ್ ಬಂತು. ಹನ್ನೆರಡು ಸೀಟಿನ ವಿಮಾನ ಹೊರಡಲು ಕಾಯುತ್ತಿದೆ, ಒಳಗೆ ಸ್ಟ್ರೆಚರಿನ ಮೇಲೆ ಆಪರೇಷನ್ನಿಗೆ ಹೋಗಬೇಕಾದ ಹೆಂಗಸು. ಐದು ಸಾವಿರ ಮೀಟರ್ ಇಲ್ಲದೆ ಅದಕ್ಕೆ ಅಪ್ಪಣೆ ಇಲ್ಲ. "ನಾಲ್ಕು ಸಾವಿರ, ಮಬ್ಬು," ಎಂದು ಹೇಳಿ ಗುರುಗಳು ಫೋನಿಟ್ಟರು.

ನಾನು ತಾರಸಿಗೆ ಓಡಿ ನೋಡಿ ಬಂದೆ. "ಸಾರ್, ಚಿಮಣಿ ಕಾಣ್ತಿದೆ ಅನ್ಸುತ್ತೆ."

"ನೀನು ಹುಟ್ಟೋಕೆ ಮುಂಚೆಯಿಂದ ಆ ಚಿಮಣಿ ನೋಡ್ತಿದೀನಿ," ಎಂದರು. ಅಲ್ಲಿಗೆ ಮಾತು ಮುಗಿಯಿತು.

ನೇರವಾಗಿ ಹೇಳುವ ಧೈರ್ಯ ನನಗಿರಲಿಲ್ಲ. ತಿಂಗಳ ವರದಿಗೆಂದು ನಕಲು ಮಾಡಿದ್ದ ಹಾಳೆ ಎತ್ತಿಕೊಂಡೆ. ಅದರಲ್ಲಿ ಯಾರ ಸಹಿಯೂ ಇರಲಿಲ್ಲ. "ಸಾರ್, ಇದೊಂದು ಅರ್ಥ ಆಗ್ತಿಲ್ಲ," ಎಂದೆ.

"ಓದು."

ಓದಿದೆ. ಗಾಳಿ ಹದಿನೈದು ನಾಟ್, ನಾಲ್ಕು ಸಾವಿರ, ಮಬ್ಬು. ಹಿಂದಿನ ರಾತ್ರಿಯೆಲ್ಲ ಮಳೆ.

ಅವರಿಗೆ ರೇಗಿತು. "ಮಳೆ ಧೂಳನ್ನೆಲ್ಲ ತೊಳೆದಿದೆ, ಮೇಲೆ ಈ ಪಾಟಿ ಗಾಳಿ. ಮಬ್ಬು ಎಲ್ಲಿಂದ ಬಂತು, ಇವನ ತಲೇಲಿತ್ತಾ? ಯಾವನಮ್ಮ ಇದನ್ನ ಬರ್ದಿದ್ದು? ಮುಂದೆ ಓದು."

ಓದುತ್ತಾ ಹೋದೆ. ನಾಲ್ಕು ಒಂಬತ್ತು. ನಾಲ್ಕು ಸಾವಿರ. ಮತ್ತೆ ನಾಲ್ಕು ಒಂಬತ್ತು.

"ಇದು ದಿನಾ ಯಾವ ಹೊತ್ತಿಗೆ ಬದಲಾಗ್ತಿದೆ?"

"ಏಳಕ್ಕೆ ಶುರು ಸಾರ್. ಒಂದಕ್ಕೆ ಹೋಗುತ್ತೆ."

ಅವರು ಹೊಟ್ಟೆ ಕುಲುಕಿಸಿ ನಕ್ಕರು. "ಏನಮ್ಮ, ಮಬ್ಬಿಗೂ ಡ್ಯೂಟಿ ಹಾಕಿದಾರಾ? ಏಳಕ್ಕೆ ಬಂದು ಸಹಿ ಹಾಕಿ, ಒಂದಕ್ಕೆ ಮನೆಗೆ..."

ನಗು ಅರ್ಧಕ್ಕೇ ನಿಂತಿತು. ಅವರು ನನ್ನ ಮುಖದ ಕಡೆ ನೋಡಿದರು. ಅದಾದರೂ ಅವರಿಗೆ ಎಷ್ಟು ಕಾಣುತ್ತಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ಎಷ್ಟು ದಿನದಿಂದ ಗೊತ್ತು ನಿನಗೆ?"

"ಮೂರು ವಾರ."

"ಮೂರು ವಾರ ಬಾಯಿ ಮುಚ್ಕೊಂಡಿದ್ಯಾ?" ದನಿ ಏರಲಿಲ್ಲ, ಅದಕ್ಕೇ ಹೆಚ್ಚು ನೊಂದೆ. "ನನ್ನ ಮೇಲೆ ನಿನಗಿರೋ ಅಭಿಮಾನ ಮೇಲೆ ಹಾರೋನಿಗೆ ಕಾಣಲ್ಲಮ್ಮ. ಅವನಿಗೆ ಕಾಣೋದು ನಾವು ಬರೆದಿದ್ದು ಮಾತ್ರ. ಹೋಗು, ನೋಡ್ಕೊಂಡು ಬಾ."

ಬಂದು ಕಂಬ ಕಾಣುತ್ತಿದೆ ಎಂದೆ. ತಿದ್ದುಪಡಿಯ ವರದಿಯನ್ನು ನನ್ನ ಕೈಯಲ್ಲೇ ಬರೆಸಿ, ಸಹಿ ಹಾಕಿಸಿದರು. ಟವರಿಗೆ ತಾವೇ ಫೋನ್ ಮಾಡಿ, "ಹಿಂದಿನದು ತಪ್ಪು, ತಪ್ಪು ನಂದು," ಎಂದರು. ವಿಮಾನ ಏರಿತು. ಮರುದಿನ ಅವರೇ ಕಣ್ಣಿನ ಡಾಕ್ಟರ ಬಳಿ ಹೋದರು. ತೆಗೆದರೆ ಹೋಗುವ ಪೊರೆಯಾಗಿರಲಿಲ್ಲ, ನರ ಸೊರಗಿತ್ತು. ಮುಂದಿನ ವಾರ ಮೇಲಿನವರು ಅವರನ್ನು ಕಡತಗಳ ಕೋಣೆಗೆ ಕಳಿಸಿದರು.

ನನಗೆ ಮುಖ ತೋರಿಸಲು ನಾಚಿಕೆ. ಎರಡು ದಿನ ಆ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಅವರೇ ಜವಾನನ ಕೈಲಿ ಹೇಳಿ ಕಳಿಸಿದರು, "ಇವತ್ತಿನ ವರದಿ ತಗೊಂಡು ಬರಬೇಕಂತೆ." ಅಂದಿನಿಂದ ದಿನವೂ ಒಂದು ಸಾಲು ಅವರಿಗೆ ಓದಿ ಹೇಳಿದೆ. ಕಡತದ ಕಟ್ಟುಗಳ ನಡುವೆ ಕುರ್ಚಿ ಹಾಕಿಕೊಂಡು ಕೇಳುತ್ತಿದ್ದರು. "ಮೋಡ ಎರಡು ಸಾವಿರ ಅಡಿಗಾ? ಹಂಗಾದ್ರೆ ಬೆಟ್ಟದ ನೆತ್ತಿ ಮುಚ್ಚಿರುತ್ತೆ," ಎನ್ನುತ್ತಿದ್ದರು. ನನ್ನ ಇಡೀ ಸೇವೆಯಲ್ಲಿ ಅಷ್ಟು ಸುಖದ ಆರು ತಿಂಗಳು ಮತ್ತೆ ಬರಲಿಲ್ಲ.

ಅವರ ಕೊನೆಯ ದಿನ ಬೆಳಿಗ್ಗೆ ಊರೆಲ್ಲ ಮಂಜು. ಟ್ಯಾಂಕೂ ಕಾಣುತ್ತಿರಲಿಲ್ಲ. ಹೋಗುವ ದಿನವಾದರೂ ಅವರಿಗೊಂದು ತಿಳಿಯಾದ ಆಕಾಶ ಸಿಗಲಿ ಎಂದು ನನಗನ್ನಿಸಿತು. "ಗಾಳಿ ಇಲ್ಲ, ನಾಲ್ಕು ಒಂಬತ್ತು," ಎಂದು ಓದಿದೆ. ಉಳಿದದ್ದು ಅಭ್ಯಾಸಬಲದಿಂದ ಇದ್ದ ಹಾಗೇ ಬಾಯಿಗೆ ಬಂತು: "ಉಷ್ಣತೆ ಹದಿನಾರು, ಇಬ್ಬನಿ ಬಿಂದುವೂ ಹದಿನಾರು."

ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಎರಡೂ ಹದಿನಾರು ಅಂತೀಯ, ಗಾಳಿ ಉಸಿರಾಡ್ತಿಲ್ಲ ಅಂತೀಯ. ಗಾಳಿ ತುಂಬ ನೀರಿದೆಯಲ್ಲಮ್ಮ, ಇದು ಮಂಜು ಕೂರೋ ಲೆಕ್ಕ. ನಾಲ್ಕು ಒಂಬತ್ತು ಎಲ್ಲಿಂದ ತಂದೆ?"

ನನಗೆ ಅಳು ಬಂತು. ತಡೆಯಲಿಲ್ಲ.

"ಇರೋದನ್ನ ಓದು."

"ಮುನ್ನೂರು ಮೀಟರ್ ಸಾರ್. ದಟ್ಟ ಮಂಜು."

ಗುರುಗಳು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. "ಈಗ ಕಾಣಿಸ್ತು," ಎಂದರು.