ಜಲಪಾತದ ಪ್ರಶ್ನೆಯ ಟೇಪು

ವಡೋದರಾದ ವಿಮಾ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ಹಯವದನ ರಾಯರು ಒಮ್ಮೆ ಟೀವಿಯಲ್ಲಿ ಬಂದಿದ್ದರು. ಎಂಬತ್ತಮೂರನೆಯ ಇಸವಿಯಲ್ಲಿ, ಅಹಮದಾಬಾದಿನ ಟೀವಿ ಕೇಂದ್ರದಲ್ಲಿ ಗಂಡ-ಹೆಂಡತಿ ಜೊತೆಯಾಗಿ ಆಡುವ 'ಜೋಡಿ ಸವಾಲ್' ಎಂಬ ಪ್ರಶ್ನೋತ್ತರದ ಆಟದಲ್ಲಿ. ಅದು ಬಂದದ್ದು ಒಂದೇ ಸಲ, ಅರ್ಧ ಗಂಟೆ. ಅದರ ಕಥೆ ಮಾತ್ರ ನಾಲ್ಕು ವರ್ಷದಿಂದ ನಡೆಯುತ್ತಲೇ ಇತ್ತು.

ಕಥೆ ಹೀಗೆ. ಕೊನೆಯ ಪ್ರಶ್ನೆಗೆ ಬರುವಾಗ ಎರಡೂ ಜೋಡಿಗಳ ಅಂಕ ಸಮ. ಭಾರತದ ಅತಿ ಎತ್ತರದ ಜಲಪಾತ ಯಾವುದೆಂದು ಕೇಳಿದರು. ರಾಯರು ಗಂಟೆ ಒತ್ತಿ, ಶಾಂತವಾಗಿ, ಮುಗುಳ್ನಕ್ಕು, 'ಜೋಗ್' ಎಂದರು. ತಪ್ಪು ಎಂದರು ಕಾರ್ಯಕ್ರಮ ನಡೆಸುವವರು. ಮೊದಲ ಬಹುಮಾನದ ಮಿಕ್ಸಿ ಎದುರಾಳಿ ಜೋಡಿಯ ಪಾಲಾಯಿತು, ರಾಯರಿಗೆ ಒಂದು ಗೋಡೆ ಗಡಿಯಾರ ಸಿಕ್ಕಿತು. "ಇದು ನನಗಾದ ಅನ್ಯಾಯ ಅಲ್ಲ, ಕರ್ನಾಟಕಕ್ಕೆ ಆದದ್ದು" ಎಂದು ರಾಯರು ಕಥೆ ಮುಗಿಸುತ್ತಿದ್ದರು. ಕನ್ನಡದ ಮನೆಗಳವರು ತಿಂಗಳಿಗೊಮ್ಮೆ ಸೇರುವ ಊಟದಲ್ಲಿ ಹೊಸದಾಗಿ ವರ್ಗವಾಗಿ ಬಂದವರಿಗೆಲ್ಲ ಇದನ್ನು ಕೇಳದೆ ಪಾಯಸ ಸಿಗುತ್ತಿರಲಿಲ್ಲ. ಅವರ ಹೆಂಡತಿ ಇಂದಿರಾ ಆ ಹೊತ್ತಿಗೆ ಸಾಮಾನ್ಯವಾಗಿ ಎಲೆ ತೆಗೆಯಲು ಏಳುತ್ತಿದ್ದಳು.

ಎಂಬತ್ತೇಳರಲ್ಲಿ ಬ್ಯಾಂಕಿನ ಕೃಷ್ಣಮೂರ್ತಿ ಬಂದ. ಕಥೆ ಕೇಳಿ, ಪಾಯಸ ಕುಡಿಯುತ್ತಲೇ, ಬಹಳ ವಿನಯದಿಂದ, "ಸಾರ್, ಪ್ರಶ್ನೆ ಹಾಗೇ ಇತ್ತಾ? ನಿಮಗೆ ಪೂರ್ತಿ ನೆನಪಿದೆಯಾ?" ಎಂದ.

"ನೆನಪಿಲ್ಲದೆ ಏನ್ರೀ? ಟೇಪೇ ಇರುತ್ತೆ. ಬೇಕಾದ್ರೆ ತರಿಸಿ ತೋರಿಸ್ತೇನೆ" ಎಂದರು ರಾಯರು. ಬಾಯಿಂದ ಬಿದ್ದ ಮಾತನ್ನು ಹತ್ತೊಂಬತ್ತು ಜನ ಕೇಳಿಸಿಕೊಂಡಿದ್ದರು.

ಮುಂದಿನ ಶನಿವಾರ ರಾಯರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಹಮದಾಬಾದಿನ ಗಾಡಿ ಹತ್ತಿದರು. ಟೀವಿ ಕೇಂದ್ರದ ಗೇಟಿನಲ್ಲಿ ಯಾರಾದರೂ ಗುರುತು ಹಿಡಿದಾರು ಎಂಬ ಸಣ್ಣ ಆಸೆ ಅವರಿಗಿತ್ತು. ಕಾವಲುಗಾರ ಗುರುತು ಹಿಡಿಯಲಿಲ್ಲ. ಕರೆಂಟ್ ರಿಪೇರಿಯವರೇ ಎಂದು ಕೇಳಿದ. ಒಳಗೆ ಟೇಪುಗಳ ಕೋಣೆಯಲ್ಲಿ ಭಟ್ ಎಂಬ ಗುಜರಾತಿ ಗುಮಾಸ್ತರು ದಪ್ಪ ರಿಜಿಸ್ಟರನ್ನು ತೆಗೆದು ಬೆರಳಿಟ್ಟು ಹುಡುಕಿದರು.

"ಜೋಡಿ ಸವಾಲ್, ಹನ್ನೊಂದನೇ ಕಂತು. ಇದೆ ಸಾಹೇಬ್."

ರಾಯರ ಎದೆ ಉಬ್ಬಿತು.

"ಅಂದರೆ, ಟೇಪು ಇದೆ. ನೀವು ಇಲ್ಲ. ಟೇಪಿಗೆ ಬಹಳ ಬೆಲೆ, ಅಳಿಸಿ ಮತ್ತೆ ಬಳಸುತ್ತೇವೆ. ಈಗ ಅದರಲ್ಲಿ ನೆಲಗಡಲೆಗೆ ಬೀಳುವ ಕಂಬಳಿಹುಳದ ಕಾರ್ಯಕ್ರಮ ಇದೆ. ಚೆನ್ನಾಗಿದೆ, ರೈತರು ಪತ್ರ ಬರೆದಿದ್ದಾರೆ."

ತನ್ನ ಕೀರ್ತಿಯ ಮೇಲೆ ಕಂಬಳಿಹುಳ ಹರಿದಾಡಿದ್ದನ್ನು ರಾಯರು ಹೇಗೋ ನುಂಗಿಕೊಂಡರು. ಅವರ ಮುಖ ನೋಡಿ ಪಾಪ ಅನಿಸಿ ಭಟ್ಟರು ಚಹಾ ತರಿಸಿದರು. ಎದುರಾಳಿ ಜೋಡಿಯ ವಿಳಾಸವನ್ನೂ ಬರೆದುಕೊಟ್ಟರು. ಗೆದ್ದವರು ಮನೆಯಲ್ಲಿ ವಿಸಿಆರ್ ಇಟ್ಟುಕೊಂಡಿದ್ದರೆ ಆಟವನ್ನು ರೆಕಾರ್ಡ್ ಮಾಡಿಟ್ಟಿರಬಹುದು ಎಂಬುದು ಅವರ ಊಹೆ.

ವಿಳಾಸ ಸ್ಯಾಟಲೈಟ್ ಎಂಬ ಬಡಾವಣೆಯ ಒಂದು ಹೌಸಿಂಗ್ ಸೊಸೈಟಿಯದು. ಆಟೋದಲ್ಲಿ ಹೋಗಿ ಮೂರು ಮಹಡಿ ಹತ್ತಿದರೆ ಮನೆಗೆ ಬೀಗ. ಪಕ್ಕದ ಮನೆಯ ಹೆಂಗಸು ಬಾಗಿಲಲ್ಲೇ ನಿಂತು ವಿವರಿಸಿದಳು. ಆಟ ಗೆದ್ದ ಕಾಂತಿಭಾಯಿ ಸೀರೆ ವ್ಯಾಪಾರಕ್ಕೆಂದು ಸೂರತ್‌ಗೆ ಹೋಗಿ ಎರಡು ವರ್ಷವಾಯಿತು. ಹೌದು, ವಿಸಿಆರ್ ಇತ್ತು, ತಮ್ಮ ದುಬೈಯಿಂದ ತಂದಿದ್ದ. ಆ ಆಟದ ಟೇಪಾ? ಎಷ್ಟು ಸಲ ನೋಡಿದ್ದೇವೆ. ಅಷ್ಟು ಹೇಳಿ ಅವಳು ರಾಯರ ಮುಖವನ್ನೇ ದಿಟ್ಟಿಸಿದಳು, ಸೂರತ್‌ನ ವಿಳಾಸದ ಚೀಟಿ ಕೊಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಕೊನೆಗೂ ಒಬ್ಬರು ಗುರುತು ಹಿಡಿದರಲ್ಲ ಎಂದು ರಾಯರಿಗೆ ಸಮಾಧಾನವಾಯಿತು.

ಮರುವಾರ ಸೂರತ್. "ನೀನೂ ಬಾ" ಎಂದು ಇಂದಿರಾಳನ್ನು ಕರೆದರು. ಅವಳು ಉಪ್ಪಿನಕಾಯಿಗೆ ಮಾವು ಹೆಚ್ಚುತ್ತಾ, "ನೀವೇ ಹೋಗಿ ಬನ್ನಿ. ಸಿಗದಿದ್ರೆ ಬೇಜಾರು ಮಾಡ್ಕೋಬೇಡಿ" ಎಂದಳು. ಸ್ವಲ್ಪ ತಡೆದು, "ಸಿಕ್ಕಿದ್ರೂ" ಎಂದು ಸೇರಿಸಿದಳು. ಚಪ್ಪಲಿ ಹುಡುಕುತ್ತಿದ್ದ ರಾಯರಿಗೆ ಆ ಎರಡನೆಯ ಮಾತು ಅರ್ಥವಾಗಲಿಲ್ಲ.

ಕಾಂತಿಭಾಯಿಯ ಮನೆಯ ಬಾಗಿಲು ತೆರೆದದ್ದು ಅವರ ಹೆಂಡತಿ ಹಂಸಾಬೆನ್. ರಾಯರನ್ನು ನೋಡಿದವಳೇ ಒಳಗೆ ತಿರುಗಿ, "ಅರೇ, ಜೋಗ್‌ಭಾಯ್ ಬಂದಿದ್ದಾರೆ" ಎಂದು ಕೂಗಿದಳು. ಒಳಗಿನಿಂದ ಅತ್ತೆ, ನಾದಿನಿ, ಇಬ್ಬರು ಮಕ್ಕಳು, ಕೊನೆಗೆ ಕಾಂತಿಭಾಯಿ ಬಂದರು. ಎಲ್ಲರ ಮುಖದಲ್ಲೂ ಹಬ್ಬದ ಕಳೆ. ಈ ಊರಿನಲ್ಲಿ ತನಗೆ ಒಂದು ಹೆಸರೇ ಇದೆ ಎಂದು ತಿಳಿದು ರಾಯರು ಹಿಗ್ಗಿದರು. ಕುರುಕಲು ಫರಸಾಣ ಬಂತು, ಚಹಾ ಬಂತು, ಸೋಫಾದ ನಡುವಿನ ಜಾಗ ಅವರಿಗೇ ಬಿಟ್ಟರು. ಕಾಂತಿಭಾಯಿ ಟೇಪು ಹಾಕಿದರು.

ಮೊದಲು ಯಾರದೋ ಮದುವೆಯ ಕೊನೆ ಬಂತು. ಆಮೇಲೆ ಪರದೆ ಒಂದು ಕ್ಷಣ ಮಳೆ ಬಂದಂತಾಗಿ, ಆಟ ಬಂತು.

ನಾಲ್ಕು ವರ್ಷ ಚಿಕ್ಕವರಾದ ರಾಯರು ಅಲ್ಲಿದ್ದರು. ಅವರ ನೆನಪಿನಲ್ಲಿದ್ದ ಶಾಂತ ಮುಗುಳ್ನಗೆಯ ಮನುಷ್ಯ ಮಾತ್ರ ಇರಲಿಲ್ಲ. ಪರದೆಯ ಮೇಲಿದ್ದವನು ಕುರ್ಚಿಯ ತುದಿಯಲ್ಲಿ ಕೂತು, ಬಸ್ಸಿಗೆ ಕಾಯುವವನಂತೆ ಕತ್ತು ಚಾಚಿ, ಗಂಟೆಯ ಮೇಲೆ ಬೆರಳಿಟ್ಟುಕೊಂಡೇ ಇದ್ದ. ಇಂದಿರಾ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದಳು.

"ಕೊನೆಯ ಪ್ರಶ್ನೆ. ನಮ್ಮ ದೇಶದ ಯಾವ ಜಲಪಾತ..." ಎಂದು ಕಾರ್ಯಕ್ರಮದವರು ಶುರು ಮಾಡಿದ್ದಷ್ಟೇ. ಗಂಟೆ ಬಡಿಯಿತು.

"ಜೋಗ್" ಎಂದು ಪರದೆಯ ರಾಯರು ಕಿರುಚಿದರು.

ಸೋಫಾದ ಮೇಲಿನ ಮಕ್ಕಳೂ ಅದೇ ಕ್ಷಣಕ್ಕೆ ಸರಿಯಾಗಿ, ಅದೇ ರಾಗದಲ್ಲಿ "ಜೋಗ್" ಎಂದವು. ಬಹಳ ಸಲ ಅಭ್ಯಾಸ ಮಾಡಿದ್ದವು ಅನಿಸುತ್ತದೆ. ಹಂಸಾಬೆನ್ ಮಕ್ಕಳನ್ನು ಗದರಿಸಿದಳು, ಆದರೆ ಅವಳ ಹೆಗಲೂ ಕುಲುಕುತ್ತಿತ್ತು.

ಕಾರ್ಯಕ್ರಮದವರು ಒಳ್ಳೆಯ ಮನುಷ್ಯರು. ನಕ್ಕು, "ಪ್ರಶ್ನೆ ಪೂರ್ತಿ ಕೇಳಿ ಸಾಹೇಬ್, ಇನ್ನೊಂದು ಅವಕಾಶ ಕೊಡುತ್ತೇನೆ. ಯಾವ ಜಲಪಾತ ಜಬಲ್‌ಪುರದ ಹತ್ತಿರ, ನರ್ಮದಾ ನದಿಯಲ್ಲಿದೆ?" ಎಂದರು.

ಇಂದಿರಾ ಬಾಗಿ, ಮೈಕಿಗೂ ಕೇಳಿಸುವಷ್ಟು ಸ್ಪಷ್ಟವಾಗಿ, "ಧುವಾಂಧಾರ್ ಅಲ್ವಾ, ನಾವು ನೋಡಿದ್ದೇವಲ್ಲ" ಎಂದಳು. ಪರದೆಯ ರಾಯರು ಅವಳ ಕಡೆ ತಿರುಗಲೂ ಇಲ್ಲ. ನೊಣ ಓಡಿಸುವಂತೆ ಅವಳ ಮುಖದ ಮುಂದೆ ಕೈ ಆಡಿಸಿ, ಇನ್ನೂ ಜೋರಾಗಿ "ಜೋಗ್" ಎಂದರು.

ಸೋಫಾದ ರಾಯರ ಬಾಯಲ್ಲಿದ್ದ ಫರಸಾಣ ಅಲ್ಲೇ ನಿಂತಿತು. ಹೌದು, ನೋಡಿದ್ದರು. ಎಂಬತ್ತೆರಡರಲ್ಲಿ, ಕಚೇರಿಯ ರಜಾಪ್ರವಾಸದ ಹಣದಲ್ಲಿ. ಅದೇ ಜಲಪಾತದ ಮುಂದೆ ನಿಂತು, ನಮ್ಮ ಜೋಗದ ಮುಂದೆ ಇದೇನು ಎಂದು ಒಂದು ಗಂಟೆ ಭಾಷಣ ಮಾಡಿದ್ದೂ ನೆನಪಾಯಿತು.

"ನಮ್ಮ ಮನೆಗೆ ನೆಂಟರು ಬಂದರೆ ಇದನ್ನೇ ಹಾಕು ಅಂತಾರೆ. ಮಿಕ್ಸಿ ಕೆಟ್ಟು ಹೋಯಿತು, ಇದು ಮಾತ್ರ ಇದೆ" ಎಂದು ಕಾಂತಿಭಾಯಿ ಪ್ರೀತಿಯಿಂದಲೇ ಹೇಳಿದರು. "ಬೇಕಾದರೆ ಕಾಪಿ ಮಾಡಿಸಿ ಕೊಡುತ್ತೇನೆ."

ಬೇಡ ಎನ್ನಲು ರಾಯರು ಬಾಯಿ ತೆರೆದರು. ಹತ್ತೊಂಬತ್ತು ಜನ ನೆನಪಾದರು. ಟೇಪು ಸಿಗಲಿಲ್ಲ, ಕಂಬಳಿಹುಳ ತಿಂದಿತು ಎಂದುಬಿಟ್ಟರೆ ಯಾರೂ ಸೂರತ್‌ವರೆಗೆ ಬಂದು ಪರೀಕ್ಷಿಸುವುದಿಲ್ಲ. ಆದರೆ ಹೆಂಡತಿಯ ಮುಖದ ಮುಂದೆ ಬೀಸಿದ ಆ ಕೈ ಕಣ್ಣ ಮುಂದಿನಿಂದ ಹೋಗಲಿಲ್ಲ. ಕಾಪಿ ಕೊಡಿ ಎಂದರು.

ಸಂಜೆ ಮನೆಗೆ ಬಂದು ಟೇಪನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಇಂದಿರಾ ಅದನ್ನು ನೋಡಿದಳು, ಗಂಡನ ಮುಖ ನೋಡಿದಳು, ಅನ್ನಕ್ಕೆ ನೀರಿಟ್ಟಳು.

"ನೀನು ಸರಿಯಾಗೇ ಹೇಳಿದ್ದಿ" ಎಂದರು ರಾಯರು.

"ಹೂಂ."

"ನಾಲ್ಕು ವರ್ಷ ನಾನು ಊರೆಲ್ಲ ಅನ್ಯಾಯ ಅನ್ಯಾಯ ಅಂತ ಹೇಳ್ಕೊಂಡು ತಿರುಗಿದೆ. ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ, ಆವತ್ತು ಯಾಕೆ ಇನ್ನೂ ಜೋರಾಗಿ ಹೇಳಲಿಲ್ಲ ಅಂತ ನನ್ನನ್ನೇ ಬೈತಿದ್ರಿ."

ರಾಯರು ಮಣೆ ಎಳೆದುಕೊಂಡು ಕೂತರು. ಸೂರತ್‌ನಿಂದ ಭರೂಚ್‌ವರೆಗೆ ಗಾಡಿಯಲ್ಲಿ ಅವರು ಯೋಚಿಸುತ್ತ ಬಂದಿದ್ದ ಮಾತು ಸರಿಯಾಗಿ ಅದೇ ಆಗಿತ್ತು. ಭರೂಚ್ ದಾಟಿದ ಮೇಲೆ ನಾಚಿಕೆಯಾಗಿ ಬಿಟ್ಟಿದ್ದರು.

"ಬೇಜಾರಾಗಿತ್ತಾ ನಿನಗೆ?"

"ಆವತ್ತು ಆಗಿತ್ತು. ಮಿಕ್ಸಿ ಬೇಕಿತ್ತು ನನಗೆ" ಎಂದಳು ಇಂದಿರಾ. "ಆಮೇಲೆ ನಿಮ್ಮ ಕಥೆ ಕೇಳಿ ಕೇಳಿ, ಎಲೆ ತೆಗೆಯೋದೇ ಅಭ್ಯಾಸ ಆಯ್ತು."

ಮುಂದಿನ ತಿಂಗಳ ಊಟಕ್ಕೆ ರಾಯರು ಬಾಡಿಗೆಗೆ ವಿಸಿಆರ್ ತರಿಸಿದರು. ಕೃಷ್ಣಮೂರ್ತಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ, "ಪೂರ್ತಿ ನೋಡಿ" ಎಂದಷ್ಟೇ ಹೇಳಿ, ತಾವು ಗೋಡೆಗೊರಗಿ ನಿಂತರು. ಜನ ಎಷ್ಟು ನಕ್ಕರೆಂದರೆ ಎರಡು ಸಲ ಹಿಂದಕ್ಕೆ ಓಡಿಸಿ ತೋರಿಸಬೇಕಾಯಿತು. ಎರಡನೆಯ ಸಲ ರಾಯರೂ ನಕ್ಕರು, ಸ್ವಲ್ಪ ತಡವಾಗಿ. ಆಮೇಲೆ ಎಲ್ಲರೂ ಇಂದಿರಾಳ ಸುತ್ತ ಸೇರಿ ಧುವಾಂಧಾರ್ ಹೇಗಿದೆ ಎಂದು ಕೇಳಿದರು. ಅವಳು ಕೂತುಕೊಂಡು, ಅವಸರವಿಲ್ಲದೆ, ನೀರಿನ ಹೊಗೆಯಿಂದ ಹಿಡಿದು ದೋಣಿಯವನ ಚೌಕಾಸಿಯವರೆಗೆ ಹೇಳಿದಳು. ಅಷ್ಟು ಚೆನ್ನಾಗಿ ಕಥೆ ಹೇಳುತ್ತಾಳೆಂದು ರಾಯರಿಗೆ ಗೊತ್ತಿರಲಿಲ್ಲ. ನಡುವೆ ಎರಡು ಕಡೆ ದಿನಾಂಕ ತಪ್ಪಿದಳು ಎಂದು ಅವರಿಗೆ ಅನಿಸಿತು. ತಮ್ಮ ನೆನಪಿನ ಮೇಲೆ ಈಗ ಅವರಿಗೆ ಅಷ್ಟು ಭರವಸೆ ಇರಲಿಲ್ಲ. ಪಾಯಸದ ಪಾತ್ರೆ ಎತ್ತಿಕೊಂಡು ಬಡಿಸಲು ಹೋದರು.