ಎರಡು ಪ, ಒಂದು ಮ್ಮ

ಯಶವಂತಪುರದ ಈರುಳ್ಳಿ ಮಂಡಿಯಲ್ಲಿ ಮೂವತ್ತಾರು ವರ್ಷ ಹರಾಜು ಕೂಗಿದ ಪಿಳ್ಳಪ್ಪನ ಗಂಟಲನ್ನು ಡಾಕ್ಟರು ಕೊಯ್ದದ್ದು ದೀಪಾವಳಿಗೆ ಇನ್ನೂ ಎಂಟು ದಿನ ಇರುವಾಗ. ಕ್ಯಾನ್ಸರು. ಬೀಡಿಯೋ, ಮಂಡಿಯ ಧೂಳೋ, ಹಣೆಬರಹವೋ, ಯಾರ ಮೇಲೆ ಹಾಕಿದರೇನು, ಧ್ವನಿಪೆಟ್ಟಿಗೆ ಹೋಯಿತು, ಜೀವ ಉಳಿಯಿತು. ಕತ್ತಿನ ಬುಡದಲ್ಲಿ ಎಂಟಾಣೆ ಅಗಲದ ಒಂದು ತೂತು ಬಿಟ್ಟರು. ಇನ್ನು ಉಸಿರಾಟವೆಲ್ಲ ಅದರಲ್ಲೇ. ಬಾಯಿ ಉಣ್ಣುವುದಕ್ಕೆ ಮಾತ್ರ.

ಎಂಥ ಗಂಟಲು ಸ್ವಾಮಿ ಅದು! ಮೂಟೆಗಳ ಮೇಲೆ ನಿಂತು ‘ಚಳ್ಳಕೆರೆ ತಿಪ್ಪೇಸ್ವಾಮೀ’ ಎಂದು ಒಂದು ಸಲ ಕೂಗಿದರೆ, ಆಚೆ ಗೇಟಿನ ಹತ್ತಿರ ಲಾರಿ ಕೆಳಗೆ ನಿದ್ದೆ ಹೊಡೆಯುತ್ತಿದ್ದ ತಿಪ್ಪೇಸ್ವಾಮಿ ಪಂಚೆ ಸರಿಮಾಡಿಕೊಳ್ಳುತ್ತ ಓಡಿಬರಬೇಕು. ದಿನಕ್ಕೆ ನೂರು ರೈತರ ಹೆಸರು ಆ ಬಾಯಲ್ಲಿ ಹಾದುಹೋಗುತ್ತಿತ್ತು. ಹಾಯದೆ ಉಳಿದದ್ದು ಒಂದೇ ಹೆಸರು, ಕಟ್ಟಿಕೊಂಡ ಹೆಂಡತಿಯದು.

ಅದಕ್ಕೂ ಒಂದು ಕಾರಣವಿತ್ತು. ಮದುವೆಯಾದ ಹೊಸದರಲ್ಲಿ, ಕೊಡಿಗೇಹಳ್ಳಿಯ ಮನೆಗೆ ಇನ್ನೂ ಹೆಂಚಿನ ಸೂರಿದ್ದಾಗ, ಬಚ್ಚಲಿನಿಂದ ಟವಲ್ಲಿಗೆಂದು ‘ಪಾಪಮ್ಮಾ’ ಎಂದು ಕರೆದಿದ್ದ. ಅವನವ್ವ ಒಲೆ ಮುಂದಿನಿಂದ ಎದ್ದು ಬಂದು, “ಎಂಡ್ತಿ ಎಸ್ರಿಡಿದು ಊರಿಗೆಲ್ಲಾ ಕೇಳೋ ಅಂಗೆ ಕೂಗ್ತೀಯಲ್ಲೋ, ಮಾನ ಮರ್ಯಾದೆ ಐತೇನೋ ನಿಂಗೆ?” ಎಂದು ಮುಖಕ್ಕೆ ಉಗಿದಳು. ಅವತ್ತಿನಿಂದ ‘ಲೇ’. ನಲವತ್ತೊಂದು ವರ್ಷ ಆ ಮನೆ ನಡೆದದ್ದು ಆ ಒಂದೇ ಅಕ್ಷರದ ಮೇಲೆ. ‘ಲೇ’ ಎಂದರೆ ನೀರು, ‘ಲೇ’ ಎಂದರೆ ಊಟ, ಸ್ವಲ್ಪ ಎಳೆದು ‘ಲೇಏ’ ಎಂದರೆ ಯಾರೋ ಬಂದಿದ್ದಾರೆ, ಕಾಫಿಗೆ ಇಡು. ಪಾಪಮ್ಮನಿಗೆ ಇಷ್ಟೂ ಅರ್ಥವಾಗುತ್ತಿತ್ತು.

ಈಗ ಆ ‘ಲೇ’ಯೂ ಇಲ್ಲ. ಬರೆದು ತೋರಿಸೋಣವೆಂದರೆ ಪಾಪಮ್ಮನಿಗೆ ಓದು ಬಾರದು. ಸಹಕಾರನಗರದಲ್ಲಿರುವ ಮಗಳು ಬಿಂದುಶ್ರೀ ಅಪ್ಪನ ಫೋನಿಗೆ ಏನೋ ಹಾಕಿಕೊಟ್ಟಳು. ಅಕ್ಷರ ಒತ್ತಿದರೆ ಫೋನೇ ಮಾತಾಡುತ್ತದಂತೆ. ಒತ್ತಿದ. ಫೋನಿನೊಳಗಿನಿಂದ ಯಾರೋ ಹೆಣ್ಣುಮಗಳು ರೈಲ್ವೆ ಸ್ಟೇಷನ್ನಿನ ರಾಗದಲ್ಲಿ ‘ನನಗೆ ಕಾಫಿ ಬೇಕು’ ಎಂದಳು. ಪಾಪಮ್ಮ ಸೌಟು ಹಿಡಿದುಕೊಂಡೇ ಆಚೆ ಬಂದು, “ಯಾವಳವಳು? ಅವ್ಳ ಕೈಲೇ ಮಾಡಿಸ್ಕೊಂಡು ಕುಡೀರಿ!” ಎಂದಳು. ಅಲ್ಲಿಗೆ ಫೋನಿನ ಕಥೆ ಮುಗಿಯಿತು. ಸ್ಟೀಲ್ ಲೋಟಕ್ಕೆ ಚಮಚದಿಂದ ಟಣಟಣ ಬಡಿದು ಕರೆಯುವುದೊಂದೇ ಉಳಿಯಿತು. ಬಡಿದಾಗಲೆಲ್ಲ ಪಿಳ್ಳಪ್ಪನಿಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು.

ಬಾಯಿ ಮುಚ್ಚಿಕೊಂಡು ಮನೆಯಲ್ಲಿ ಕೂತವನು ಕಣ್ಣಾದರೂ ಬಿಡಬೇಕಲ್ಲ. ನೋಡತೊಡಗಿದ. ಮೂವತ್ತಾರು ವರ್ಷ ಬೆಳಗಿನ ನಾಲ್ಕಕ್ಕೇ ಮಂಡಿಗೆ ಹೋಗಿ ಊಟದ ಹೊತ್ತಿಗೆ ಬರುತ್ತಿದ್ದವನಿಗೆ ತನ್ನ ಮನೆಯ ಬೆಳಗು ಹೇಗಿರುತ್ತದೆಂದೇ ಗೊತ್ತಿರಲಿಲ್ಲ. ಕತ್ತಿನ ತೂತಿಗೆ ಧೂಳು ಹೋಗದಂತೆ ಒದ್ದೆ ಬಟ್ಟೆ ಕಟ್ಟಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಪಾಪಮ್ಮ ದಿನಾ ಬೆಳಗ್ಗೆ ಆ ಬಟ್ಟೆಯನ್ನು ನೀರಲ್ಲಿ ಅದ್ದಿ, ಹಿಂಡಿ, ಮೊದಲು ತನ್ನ ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ತಣ್ಣಗಿದೆ ಎನಿಸಿದರೆ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಆಮೇಲೆ ಕಟ್ಟುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ, ಯಾರಿಗೂ ತೋರಿಸಬೇಕೆಂದು ಮಾಡಿದ್ದೂ ಅಲ್ಲ.

ಇನ್ನು ಅವರೆಕಾಯಿ ಕಾಲ. ಹಿತಕಬೇಳೆ ಸಾರೆಂದರೆ ಪಿಳ್ಳಪ್ಪ ಪ್ರಾಣ ಬಿಡುತ್ತಿದ್ದ. ಎರಡು ಮುದ್ದೆ ಜಾಸ್ತಿ ಇಳಿಯುತ್ತಿತ್ತು. ಅದು ಹೇಗಾಗುತ್ತದೆಂದು ಯಾವತ್ತಾದರೂ ಕೇಳಿದ್ದನೇ? ಈಗ ನೋಡಿದ. ನೆನೆಸಿದ ಕಾಳನ್ನು ಒಂದೊಂದಾಗಿ ಎರಡು ಬೆರಳಲ್ಲಿ ಹಿಡಿದು ಹಿಚುಕಬೇಕು, ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮಿ ಪಾತ್ರೆಗೆ ಬೀಳಬೇಕು. ಒಂದೊಂದು ಕಾಳನ್ನೂ! ತಾನು ಒಂದು ತುತ್ತಿಗೆ ನುಂಗುತ್ತಿದ್ದದ್ದು ಅವಳ ಬೆರಳಿನ ಇಪ್ಪತ್ತು ಹಿಚುಕು. ಎದುರಿಗೆ ಕೂತು ತಾನೂ ಹಿಚುಕಿದ. ಅರ್ಧ ಗಂಟೆಗೆ ಹೆಬ್ಬೆರಳು ನೋಯತೊಡಗಿತು. ಅವಳನ್ನು ನೋಡಿದ, ಅವಳು ಟಿವಿ ನೋಡುತ್ತ ಹಿಚುಕುತ್ತಲೇ ಇದ್ದಳು. ಪಿಳ್ಳಪ್ಪನಿಗೆ ಏನಾದರೂ ಹೇಳಬೇಕೆನಿಸಿತು. ಹೇಳಲು ಗಂಟಲಿದ್ದಾಗ ಹೇಳಬೇಕೆಂದು ಅನ್ನಿಸಲೇ ಇಲ್ಲವಲ್ಲ, ಥೂ ನನ್ನ ಜನ್ಮಕ್ಕೆ, ಎಂದುಕೊಂಡ.

ವಾರಕ್ಕೊಂದು ದಿನ ಹೆಬ್ಬಾಳದ ಆಸ್ಪತ್ರೆಯಲ್ಲಿ ಗಜಾಲಾ ಮೇಡಂ ಹತ್ತಿರ ಮಾತಿನ ಪಾಠ. ಚಿಕ್ಕ ವಯಸ್ಸಿನ ಹುಡುಗಿ, ಮಾತು ಮಾತ್ರ ಹೆಡ್‌ಮೇಷ್ಟರದು. ಮೊದಲ ದಿನವೇ ಸ್ಲೇಟು ಕೊಟ್ಟು, “ಯಜಮಾನ್ರೇ, ಮನೇಲಿ ನೀವು ಜಾಸ್ತಿ ಆಡ್ತಿದ್ದ ಹತ್ತು ಮಾತು ಬರೀರಿ, ಅಲ್ಲಿಂದ ಶುರು ಮಾಡೋಣ” ಎಂದಳು. ಪಾಪಮ್ಮ ಔಷಧಿ ಕೌಂಟರಿನ ಸಾಲಿನಲ್ಲಿ ನಿಂತಿದ್ದಳು. ಪಿಳ್ಳಪ್ಪ ಮೊದಲು ಬರೆದದ್ದು ‘ಲೇ’.

“ಇದೇನಿದು?”

‘ಹೆಂಡತಿಯನ್ನು ಕರೆಯುವುದು’ ಎಂದು ಬರೆದ.

“ಯಾಕೆ, ಅವ್ರಿಗೆ ಹೆಸರಿಲ್ವಾ?”

‘ಇದೆ’ ಎಂದು ಸಣ್ಣಕ್ಷರದಲ್ಲಿ ಬರೆದ.

“ನೋಡಿ, ‘ಲೇ’ ಸದ್ಯಕ್ಕೆ ಬರಲ್ಲ. ಗಾಳಿ ನುಂಗಿ, ಅದನ್ನ ತೇಗಿನ ಥರ ವಾಪಸ್ ತಂದು, ಆ ತೇಗಲ್ಲೇ ಮಾತಾಡ್ಬೇಕು ನೀವು. ಪ, ತ, ಕ ಅಂದ್ರೆ ಬಾಯಲ್ಲಿ ಗಾಳಿ ಕಟ್ಟುತ್ತೆ, ಅವು ಮೊದ್ಲು ಬರ್ತವೆ. ‘ಥ್ಯಾಂಕ್ಸ್’ ಅಂತ ಕಲೀರಿ, ಮನೆಯವ್ರಿಗೆ ಖುಷಿಯಾಗತ್ತೆ.”

ಪಿಳ್ಳಪ್ಪ ಗೀಚಿದ: ‘ಹೆಂಡತಿಗೆ ಯಾರಾದರೂ ಥ್ಯಾಂಕ್ಸ್ ಹೇಳ್ತಾರಾ? ಅವಳೇನು ಹೊರಗಿನವಳಾ?’ ಗಜಾಲಾ ನಕ್ಕಳು. ಅವನು ಸ್ಲೇಟು ಒರೆಸಿ, ಒಂದು ಸಲ ಬಾಗಿಲ ಕಡೆ ನೋಡಿ, ಕಳ್ಳನ ಹಾಗೆ ನಿಧಾನವಾಗಿ ಆ ಹೆಸರು ಬರೆದ.

“ಪಾಪಮ್ಮ! ಅರೇ, ಎರಡು ಪ ಇದೆ! ಇದಕ್ಕಿಂತ ಒಳ್ಳೇ ಹೆಸರು ಎಲ್ಲಿ ಸಿಗತ್ತೆ ನಿಮ್ಗೆ? ಕೊನೇ ‘ಮ್ಮ’ ಮಾತ್ರ ಕಷ್ಟ. ಅಷ್ಟರಲ್ಲಿ ಗಾಳಿ ಮುಗಿದಿರತ್ತೆ. ಶಿವರಾತ್ರಿ ತನಕ ನೋಡೋಣ. ಬರದಿದ್ರೆ ಬೇಜಾರು ಬೇಡ, ಕತ್ತಿಗೆ ಒತ್ತಿ ಹಿಡಿದು ಮಾತಾಡೋ ಮಿಷಿನ್ ಇದೆ.”

ಮಿಷಿನ್ನಿನ ಗುಂಯ್‌ಗುಡುವ ಸದ್ದನ್ನು ಅವನು ವರಾಂಡದಲ್ಲಿ ಕೇಳಿದ್ದ. ಪಾಪ, ಎಷ್ಟೋ ಜನಕ್ಕೆ ಅದೇ ದೇವರು, ಬೈಯುವಂತಿಲ್ಲ. ಆದರೆ ಪಿಳ್ಳಪ್ಪ ಸ್ಲೇಟಿನ ತುಂಬ ದಪ್ಪಕ್ಷರದಲ್ಲಿ ಬರೆದ: ‘ನನ್ನ ಹೆಂಡ್ತೀನ ಮಿಷಿನ್ ಕೈಲಿ ಕರೆಸಲ್ಲ.’

ಹಟಕ್ಕೆ ಬಿದ್ದ. ಬೆಳಗ್ಗೆ ಎದ್ದು ತಾರಸಿಗೆ ಹೋಗಿ ನೀರಿನ ಟ್ಯಾಂಕಿನ ಮರೆಯಲ್ಲಿ ಕೂತು ಗಾಳಿ ನುಂಗುವುದು, ತೇಗುವುದು. ರೈಲ್ವೆ ಗೇಟಿನ ಅಕ್ಬರ್ ಪಾಷಾ ಅಂಗಡಿಯಿಂದ ಗೋಲಿ ಸೋಡಾ ತಂದು ಕುಡಿದು ತೇಗುವುದು. ನೂರು ತೇಗಿಗೆ ಒಂದು ‘ಪ’ ಬಂದರೆ ಬಂತು, ಇಲ್ಲದಿದ್ದರೆ ಬರೀ ಗಾಳಿ. ಮೇಲೆ ವಿಮಾನಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಗಂಡನ ತೇಗು ಕೇಳಿ ಕೇಳಿ ಪಾಪಮ್ಮ, “ಅದೇನ್ ಗ್ಯಾಸೋ ಏನೋ, ಒಟ್ಟೇಲಿ ಏನೂ ನಿಲ್ತಿಲ್ಲ” ಎಂದು ಓಮದ ಕಾಳಿನ ಕಷಾಯ ಕಾಯಿಸಿಕೊಂಡು ಮೆಟ್ಟಿಲು ಹತ್ತಿ ಬಂದಳು. ಮಂಡಿನೋವಿನವಳು, ಎರಡು ಮಹಡಿ! ಪಿಳ್ಳಪ್ಪ ಬೇಡವೆನ್ನಲಾರದೆ, ನಿಜ ಹೇಳಲಾರದೆ, ಕಹಿ ಕಷಾಯವನ್ನು ಹದಿನೈದು ದಿನ ಕುಡಿದ.

ಸಂಕ್ರಾಂತಿಯ ದಿನ ಎರಡು ‘ಪ’ ಕೂಡಿಬಂದವು. ತಾಳ್ಮೆಯಿದ್ದರೆ ಮ್ಮ ಬರುವ ತನಕ ಕಾಯಬೇಕಿತ್ತು. ಮಂಡಿಯವನಿಗೆ ತಾಳ್ಮೆ ಎಲ್ಲಿಂದ ಬರಬೇಕು! ಎಳ್ಳುಬೆಲ್ಲ ಬೆರೆಸುತ್ತ ಕೂತಿದ್ದವಳ ಮುಂದೆ ಹೋಗಿ ನಿಂತ, ಗಾಳಿ ನುಂಗಿದ. “ಪಾ... ಪ...” ಎಂದ. ಗಾಳಿ ಮುಗಿಯಿತು.

ಪಾಪಮ್ಮನ ಕೈಯಿಂದ ಕೊಬ್ಬರಿ ಬಿತ್ತು. “ಮಾತ್ ಬಂತು! ಅಯ್ಯೋ ನಮ್ಮಪ್ಪ ದ್ಯಾವ್ರೇ, ಮಾತ್ ಬಂತು!” ಎಂದು ಎದ್ದುನಿಂತಳು. ಆಮೇಲೆ ಬಂದ ಮಾತು ಏನೆಂದು ಹೊಳೆಯಿತು. ಮುಖದ ನಗು ಇಳಿಯಿತು.

“ಪಾಪ ಅಂದ್ರಾ? ಯಾರಿಗೆ ಪಾಪ? ನನ್ಗಾ?” ಗಂಡ ಕೈ ಬೀಸಿ ಬೀಸಿ ಅಲ್ಲವೆಂದರೂ ಕೇಳುವವಳಲ್ಲ. “ಮೂರ್ ತಿಂಗ್ಳಾದ್ಮೇಲೆ ಬಾಯ್ ಬಿಟ್ರಿ, ಬಿಟ್ ಮಾತು ಇದೇನಾ? ನಾನೇನ್ ಪಾಪದೋಳಾಗಿದೀನಿ? ಬಟ್ಟೆ ಕಟ್ತೀನಿ ಅಂತ್ಲಾ, ಮೆಟ್ಲತ್ತಿ ಕಷಾಯ ತರ್ತೀನಿ ಅಂತ್ಲಾ? ನಂಗ್ಯಾರ್ ಕನಿಕರಾನೂ ಬ್ಯಾಡ. ನನ್ ಮನೆ, ನನ್ ಗಂಡ, ಮಾಡ್ತೀನಿ. ಇನ್ನೊಂದ್ಸಲ ಆ ಮಾತಾಡಿದ್ರೆ ನೋಡಿ!” ಸೆರಗಿನಲ್ಲಿ ಮೂಗೊರೆಸಿಕೊಂಡು ಒಳಗೆ ಹೋದಳು.

ಪಿಳ್ಳಪ್ಪ ತಾರಸಿಗೆ ಹೋಗಿ ಟ್ಯಾಂಕಿಗೆ ಒರಗಿ ಕೂತ. ಅತ್ತ. ಗಂಟಲಿಲ್ಲದವನ ಅಳುವಿಗೆ ಸದ್ದೂ ಇರುವುದಿಲ್ಲ. ಸೋಡಾ ಬಾಟಲು ಎಸೆದು, ಮಿಷಿನ್ ಕೊಡಿ ಎಂದು ಗಜಾಲಾ ಮೇಡಂಗೆ ಹೇಳಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಮರುಗಳಿಗೆ ಕೋಪ ಬಂತು. ಊರೂರಿನ ತಿಪ್ಪೇಸ್ವಾಮಿಗಳನ್ನೆಲ್ಲ ಕೂಗಿದ ಬಾಯಿ ಇದು, ಮನೆಯವಳನ್ನು ಅರ್ಧ ಕರೆದು ಅಳಿಸಿತಲ್ಲ! ಒಂದು ‘ಮ್ಮ’ ತಾನೇ? ತರುತ್ತೇನೆ, ಅದೆಲ್ಲಿ ಹೋಗುತ್ತದೆ ನೋಡೇಬಿಡುತ್ತೇನೆ, ಎಂದು ಕಣ್ಣೊರೆಸಿಕೊಂಡ.

ಅವತ್ತಿನಿಂದ ಅವಳೆದುರು ಬಾಯಿ ತೆರೆಯಲಿಲ್ಲ. ಗಜಾಲಾ ಹೊಸ ದಾರಿ ಹೇಳಿದಳು: ಮೊದಲ ಪ ಹೇಳುತ್ತಲೇ ಎರಡನೇ ಪಕ್ಕೆ ಗಾಳಿ ಕಟ್ಟಬೇಕು, ಎರಡನೆಯದನ್ನು ಬಿಡುತ್ತಲೇ ತುಟಿ ಮುಚ್ಚಿ ಉಳಿದದ್ದನ್ನು ಮ್ಮಗೆ ಒಪ್ಪಿಸಬೇಕು. ಹೇಳುವುದು ಸುಲಭ. ತಾರಸಿಯಲ್ಲಿ ಬೆಳಗ್ಗೆ ಇನ್ನೂರು ಸಲ, ಸಂಜೆ ಇನ್ನೂರು ಸಲ. ಹೊಟ್ಟೆ ಉಬ್ಬಿತು, ಎದೆ ಉರಿಯಿತು, ಒಂದು ದಿನ ತಲೆ ಸುತ್ತಿ ಟ್ಯಾಂಕಿನ ಪೈಪು ಹಿಡಿದುಕೊಂಡ. ಬಿಡಲಿಲ್ಲ. ಕೆಳಗೆ ಪಾಪಮ್ಮ ಎರಡು ದಿನ ಮುನಿಸಿಕೊಂಡಿದ್ದು ಮೂರನೇ ದಿನದಿಂದ ಎಂದಿನ ಹಾಗಾದಳು. ಮುನಿಸಿನ ಎರಡು ದಿನವೂ ಬಟ್ಟೆ ಕೆನ್ನೆಗೆ ಒತ್ತಿ ನೋಡಿಯೇ ಕಟ್ಟಿದ್ದಳು.

ಶಿವರಾತ್ರಿಗೆ ಎರಡು ದಿನ ಇತ್ತು. ಬೆಳಗ್ಗೆ ಹತ್ತರ ಹೊತ್ತು, ಪಾಪಮ್ಮ ಮನೆ ಪಕ್ಕದ ಓಣಿಯಲ್ಲಿ ಬಟ್ಟೆ ಒಣಗಹಾಕುತ್ತಿದ್ದಳು. ಪಿಳ್ಳಪ್ಪ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದ. ಅಲ್ಲಿಂದ ಅವಳು ಕಾಣುತ್ತಿರಲಿಲ್ಲ, ಬಟ್ಟೆ ಒದರುವ ಸದ್ದು ಮಾತ್ರ ಕೇಳುತ್ತಿತ್ತು. ಗಾಳಿ ನುಂಗಿದ.

“ಪಾಪಮ್ಮ.”

ಒರಟಾಗಿ, ತಗ್ಗಾಗಿ, ಆದರೆ ಪೂರ್ತಿ ಬಂತು. ಬಟ್ಟೆ ಒದರುವ ಸದ್ದು ನಿಂತಿತು.

ಪಾಪಮ್ಮ ಓಣಿಯಿಂದ ಆಚೆ ಬಂದಳು. ಗಂಡನ ಕಡೆ ನೋಡಲೇ ಇಲ್ಲ, ನೆಟ್ಟಗೆ ಗೇಟಿಗೆ ಹೋದಳು. ಅವಳನ್ನು ಹೆಸರು ಹಿಡಿದು ಕರೆಯುವವಳು ಈ ಭೂಮಿಯ ಮೇಲೆ ಒಬ್ಬಳೇ ಉಳಿದಿದ್ದದ್ದು, ಕೆಂಪಾಪುರಕ್ಕೆ ಕೊಟ್ಟಿದ್ದ ಅವಳ ಅಕ್ಕ ರತ್ನಕ್ಕ. “ಬಾರಕ್ಕಾ ಒಳೀಕೆ, ಅಲ್ಯಾಕ್ ನಿಂತ್ಕಂಡೆ? ಗಂಟ್ಲೇನ್ ಇಂಗ್ ಕಟ್ಕೊಂಡೈತೆ ನಿಂಗೆ?” ಎನ್ನುತ್ತ ಗೇಟು ತೆಗೆದಳು. ರಸ್ತೆಯಲ್ಲಿ ಯಾರೂ ಇರಲಿಲ್ಲ. ಆಚೆ ನೋಡಿದಳು, ಈಚೆ ನೋಡಿದಳು. “ಯಾರೋ ಕೂಗಿದಂಗಾಯ್ತಲ್ರೀ?” ಎಂದು ತಿರುಗಿದಳು.

ಪಿಳ್ಳಪ್ಪ ಅವಳ ಕಣ್ಣಲ್ಲಿ ಕಣ್ಣಿಟ್ಟು, ಮತ್ತೆ ಗಾಳಿ ನುಂಗಿ, ತುಟಿ ಕೂಡಿಸಿ ಹೇಳಿದ. “ಪಾಪಮ್ಮ.”

ಪಾಪಮ್ಮ ಗೇಟು ಹಿಡಿದುಕೊಂಡೇ ನಿಂತಳು. ಅವಳ ಬಾಯಿ ಅವಳನ್ನು ಕೇಳದೆಯೇ “ಓ” ಎಂದಿತು. ತವರಿನ ಹಿತ್ತಿಲಲ್ಲಿ ಅವ್ವ ಕರೆದಾಗ ಓಗೊಡುತ್ತಿದ್ದಳಲ್ಲ, ಅದೇ ಓ. ಸಂಕ್ರಾಂತಿಯ ದಿನದ ‘ಪಾಪ’ ಏನಾಗಿತ್ತೆಂದು ಅವಳಿಗೆ ಈಗ ತಿಳಿಯಿತು. ತಿಳಿದು ಕಣ್ಣು ತುಂಬಿಬಂತು. ಅದನ್ನು ಅಡಗಿಸಿಕೊಳ್ಳಲು ಗಡಿಬಿಡಿಯಲ್ಲಿ ಹತ್ತಿರ ಬಂದು, “ಏನ್ ಬೇಕು? ನೀರಾ? ಮಾತ್ರೆ ಒತ್ತಾಯ್ತಾ? ಬಟ್ಟೆ ಒಣಗೋಯ್ತಾ ಕತ್ತಿಂದು? ತಾಳಿ, ತರ್ತೀನಿ” ಎಂದು ಒಳಗೆ ಹೊರಟಳು.

ಪಿಳ್ಳಪ್ಪ ಅವಳ ಸೆರಗು ಹಿಡಿದುಕೊಂಡ. ಎಲ್ಲದಕ್ಕೂ ಅಲ್ಲವೆಂದು ತಲೆಯಾಡಿಸಿದ. ಕರೆದಾಗಲೆಲ್ಲ ಇವಳು ಏಳಬೇಕಿತ್ತು, ಏನಾದರೂ ತರಬೇಕಿತ್ತು. ಸುಮ್ಮನೆ ಕರೆದದ್ದೇ ಇಲ್ಲ. ಪಕ್ಕದ ಮೆಟ್ಟಿಲನ್ನು ಅಂಗೈಯಲ್ಲಿ ಒರೆಸಿದ. ಕ ಇದೆ, ತ ಇದೆ, ಬಂದರೂ ಬಂದೀತು ಎಂದು ಗಾಳಿ ನುಂಗಿದ.

“ಕೂತ್ಕೋ.”

ಪಾಪಮ್ಮ ಕೂತಳು. ಬಕೆಟ್ಟಿನಲ್ಲಿ ಅರ್ಧ ಬಟ್ಟೆ ಹಾಗೇ ಇತ್ತು. ಕುಕ್ಕರು ಮೂರು ಸಲ ಕೂಗಿತು, ಏಳಲಿಲ್ಲ. ಗೇಟಿನ ಕಡೆಗೇ ನೋಡುತ್ತ ಅವಳು ಅವನ ಮುಖ ನೋಡದೆ, ಮೆಲ್ಲಗೆ ಅಂದಳು:

“ಇನ್ನೊಂದ್ ಕಿತ ಕೂಗಿ.”

ಪಿಳ್ಳಪ್ಪ ಗಾಳಿ ನುಂಗಿದ.