ಮೂರನೆಯ ಗೀಟು

ಹೊಸ ಪಂಪನ್ನು ಚೀಲದ ತಳದಲ್ಲಿ ಹುದುಗಿಸಿ, ಅದರ ಮೇಲೆ ಕೈಗವಸು, ಕೈಗವಸಿನ ಮೇಲೆ ಕಾಫಿಯ ಫ್ಲಾಸ್ಕು ಇಟ್ಟುಕೊಂಡು ನಾನು ದೋಣಿಮನೆಗೆ ಹೋದೆ. ಕಳ್ಳನಿಗೆ ಬೇಕಾದ ತಯಾರಿಯೆಲ್ಲ ಆಗಿತ್ತು. ದೋಣಿಯೊಳಗೆ ನುಗ್ಗಿದ ನೀರನ್ನು ಹೊರಹಾಕುವ ಹಳೆಯ ಪಂಪನ್ನು ಬಿಚ್ಚಿ, ಹೊಸದನ್ನು ಕೂರಿಸಿ, ಹಳೆಯದನ್ನು ದಕ್ಕೆಯ ತುದಿಯಿಂದ ಸಮುದ್ರಕ್ಕೆ ಎಸೆದುಬಿಟ್ಟರೆ ಮುಗಿಯಿತು. ನನ್ನ ಅಣ್ಣ ಆಲ್ಗೋಟ್ ಸತ್ತದ್ದು ನನ್ನ ಸೋಮಾರಿತನದಿಂದ ಎಂಬುದಕ್ಕೆ ಬೇರೆ ಸಾಕ್ಷಿ ಇರಲಿಲ್ಲ.

ಆದರೆ ಗುನ್ನೆಲ್ ನನಗಿಂತ ಮೊದಲೇ ಬಂದಿದ್ದಳು. ಅಣ್ಣನ ಹೆಂಡತಿ. ಅವನದೇ ಸ್ವೆಟರಿನ ತೋಳು ಮಡಚಿಕೊಂಡು ದೋಣಿಯೊಳಗೆ ಮೊಣಕಾಲೂರಿ ಕೂತಿದ್ದಳು. ಎಂಜಿನ್ನಿನ ಪಕ್ಕದ ಹಲಗೆಯನ್ನು ಆಗಲೇ ಎತ್ತಿಟ್ಟಿದ್ದಳು.

"ಬಂದ್ಯಾ ಟೂರೆ? ಹನ್ನೊಂದಕ್ಕೆ ಬರ್ತೀನಿ ಅಂದೋನು ಹನ್ನೆರಡಕ್ಕೆ ಬಂದಿದೀಯ. ನಿಮ್ಮನೇಲಿ ಗಡಿಯಾರ ಇರೋದು ಗೋಡೆ ಅಲಂಕಾರಕ್ಕೆ ಅಷ್ಟೇ."

"ನೀನು ಮೇಲೆ ಬಾ, ಗುನ್ನೆಲ್. ಕೊಳಕು ಕೆಲಸ ಅದು. ಒಂದರ್ಧ ಗಂಟೇಲಿ ನಾನೇ ಮುಗಿಸ್ತೀನಿ."

"ಮುಗಿಸ್ಕೊಡೋಕಲ್ಲ ಕರೆದಿದ್ದು, ಹೇಳ್ಕೊಡೋಕೆ. ಮುಂದಿನ ವರ್ಷ ಬಲೆ ಹಾಕೋಳು ನಾನು. ದೋಣಿ ನಂದು ಅಂದ್ಮೇಲೆ ಪಂಪೂ ನಂದೇ ತಾನೇ? ಆಗಸ್ಟಲ್ಲಿ ದೋಣಿ ಮತ್ತೆ ನೀರಿಗಿಳಿಸ್ದಾಗಿಂದ ಇದು ಬರೀ ಗುಂಯ್‌ಗುಡುತ್ತೆ, ನೀರು ಎತ್ತಲ್ಲ. ಬಕೆಟ್ಟಲ್ಲಿ ತೋಡಿ ತೋಡಿ ನನ್ನ ಸೊಂಟ ಬಿದ್ದೋಗಿದೆ. ಸ್ಕ್ರೂ ಡ್ರೈವರ್ ಕೊಡು."

ಕೊಟ್ಟೆ. ಇನ್ನೇನು ಮಾಡಲಿ?

ಚಳಿಗಾಲಕ್ಕೆ ದೋಣಿ ಒಳಗಿಡುವಾಗ ನಮ್ಮ ದ್ವೀಪದಲ್ಲಿ ಒಂದು ಕಟ್ಟುಪಾಡಿದೆ. ಎಂಜಿನ್ನು, ಪಂಪು, ಪೈಪು ಎಲ್ಲದರಿಂದ ನೀರು ತೆಗೆದು, ಹೆಪ್ಪುಗಟ್ಟದ ಗುಲಾಬಿ ದ್ರವ ತುಂಬಿದ ಮೇಲೆ ಮನೆಯ ಗುರುತು ಕೊರೆದ ಮರದ ಬಿಲ್ಲೆಯನ್ನು ಚುಕ್ಕಾಣಿಗೆ ತೂಗುಹಾಕಬೇಕು. ಬಿಲ್ಲೆ ಕಂಡ ಮೇಲೇ ಊರವರೆಲ್ಲರ ದೋಣಿಮನೆ ನೋಡಿಕೊಳ್ಳುವ ವೆರ್ನರ್ ಮುದುಕ ಬೀಗ ಜಡಿಯುವುದು. ನಮ್ಮ ಮನೆಯ ಗುರುತು ಒಂದು ಶಿಲುಬೆ, ಅದರ ಬುಡದಲ್ಲಿ ಎರಡು ಗೀಟು. ಅದು ಅಪ್ಪನದಾಗಿತ್ತು, ಆಮೇಲೆ ಹಿರಿಮಗ ಆಲ್ಗೋಟನದಾಯಿತು. ಕಿರಿಯವನಾದ ನನ್ನದಕ್ಕೆ ಒಂದು ಗೀಟು ಹೆಚ್ಚು. ಯಾರು ಕೆಲಸ ಮಾಡಿದರೋ ಅವರ ಬಿಲ್ಲೆ. ಅದನ್ನು ನೋಡಿದ ಮೇಲೆ ಯಾರೂ ಇನ್ನೊಂದು ಪ್ರಶ್ನೆ ಕೇಳುವುದಿಲ್ಲ.

ಹೋದ ವರ್ಷ ಎಂಜಿನ್ನಿನ ಕೆಲಸವನ್ನು ಆಲ್ಗೋಟನೇ ಮುಗಿಸಿದ್ದ. ಹಲ್ಲುನೋವಿಗೆ ಅವನ ಕೆನ್ನೆ ಬನ್ನಿನ ಹಾಗೆ ಊದಿತ್ತು. "ಪಂಪ್ ನೀನು ನೋಡ್ಕೊಳೋ, ನಾನು ಹಡಗು ಹಿಡೀಬೇಕು" ಎಂದು ಪಟ್ಟಣದ ಹಲ್ಲಿನ ಡಾಕ್ಟರ ಹತ್ತಿರ ಓಡಿದ. ನನ್ನ ಬೆರಳುಗಳು ಸೆಟೆದುಹೋಗಿದ್ದವು. ವೆರ್ನರ್ ಬಾಗಿಲಲ್ಲಿ ನಿಂತು ಬೀಗದ ಕೈ ಅಲ್ಲಾಡಿಸುತ್ತಿದ್ದ. ನನ್ನ ಬಿಲ್ಲೆ ಮನೆಯಲ್ಲಿತ್ತು, ಅಣ್ಣನದು ಚುಕ್ಕಾಣಿಯ ಪಕ್ಕದ ಡಬ್ಬಿಯಲ್ಲೇ ಇತ್ತು. ನಾಳೆ ಬಂದು ಪಂಪು ಮಾಡಿದರಾಯಿತು ಎಂದುಕೊಂಡು ಅಣ್ಣನ ಬಿಲ್ಲೆಯನ್ನು ತೂಗುಹಾಕಿ ಮನೆಗೆ ಹೋಗಿ ಬಿಸಿ ಸೂಪು ಕುಡಿದೆ.

ಅಂದು ರಾತ್ರಿ ಚಳಿ ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗೆ ಇಳಿಯಿತು.

ಬೆಳಿಗ್ಗೆ ಟೋಪಿ ಮರೆತಿದ್ದೇನೆಂದು ಸುಳ್ಳು ಹೇಳಿ ವೆರ್ನರನಿಂದ ಬೀಗದ ಕೈ ಪಡೆದು ಒಳಗೆ ಹೋದೆ. ಪಂಪನ್ನು ಅಲುಗಿಸಿದರೆ ಒಳಗೆ ಐಸು ಕಟಕಟ ಎಂದಿತು. ಎರಡು ಕೆಟಲ್ ಬಿಸಿನೀರು ಸುರಿದು ಕರಗಿಸಿದೆ, ಗುಲಾಬಿ ದ್ರವ ತುಂಬಿದೆ, ಟಾರ್ಚು ಹಿಡಿದು ನೋಡಿದೆ. ಬಿರುಕು ಕಾಣಲಿಲ್ಲ. ಕಾಣಬಾರದೆಂದೇ ನೋಡಿದೆನೋ ಏನೋ, ಇವತ್ತಿಗೂ ಆಣೆ ಇಟ್ಟು ಹೇಳಲಾರೆ. ಏಪ್ರಿಲ್‌ನಲ್ಲಿ ನೀರಿಗಿಳಿಸಿದಾಗ ಪಂಪು ನೀರು ಉಗುಳಿತು. ಬದುಕಿದೆ ಎಂದುಕೊಂಡೆ. ಅಣ್ಣನಿಗೆ ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ಅವನು ಒಂದು ಬೈಗುಳ ಬೈದು, ಹೊಸ ಪಂಪು ಹಾಕಿಸಿಕೊಂಡು, ಇವತ್ತು ಇಲ್ಲಿ ನನ್ನ ಕಾಫಿ ಕುಡಿಯುತ್ತಿದ್ದ.

ಮೇ ತಿಂಗಳಲ್ಲಿ ಬಲೆ ಎತ್ತಲು ಅಣ್ಣ ಒಬ್ಬನೇ ಹೋದಾಗ ವಾಯವ್ಯದ ಗಾಳಿ ಎದ್ದಿತು. ಅಲೆ ದೋಣಿಯೊಳಕ್ಕೆ ಹೊಡೆಯಿತು. ಅವನು ಗುನ್ನೆಲ್‌ಗೆ ಫೋನ್ ಮಾಡಿ, "ಸ್ವಲ್ಪ ನೀರು ನುಗ್ಗಿದೆ ಕಣೇ. ಪಂಪ್ ಓಡ್ತಿದೆ, ಸದ್ದು ಕೇಳಿಸ್ತಾ? ಕಾಫಿಗೆ ಇಡು" ಅಂದನಂತೆ. ಅಷ್ಟೇ. ಅಂಚಿನವರೆಗೂ ನೀರು ತುಂಬಿದ ದೋಣಿ ಮಾರನೆಯ ದಿನ ಬಂಡೆಯೊಂದಕ್ಕೆ ಆತುಕೊಂಡು ಸಿಕ್ಕಿತು. ಪಂಪಿನ ಸ್ವಿಚ್ಚು ಹಾಕಿದಂತೆಯೇ ಇತ್ತು. ಅಣ್ಣ ಮೂರನೆಯ ದಿನ ಸಿಕ್ಕ. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ.

ಗುನ್ನೆಲ್ ನಾಲ್ಕು ಸ್ಕ್ರೂ ಬಿಚ್ಚಿದಳು. ಮುಚ್ಚಳ ಕಿತ್ತು ಬಂತು, ಅಂಗೈಯಷ್ಟು ಕಪ್ಪು ನೀರು ಚೆಲ್ಲಿತು. ಅವಳು ಪಂಪಿನ ಹೊಟ್ಟೆಯನ್ನು ಸ್ವೆಟರಿನ ಅಂಚಿನಿಂದ ಒರೆಸಿ ಕಿಟಕಿಯ ಬೆಳಕಿಗೆ ಹಿಡಿದಳು. ಹೆಬ್ಬೆರಳು ಒಂದು ಕಡೆ ನಿಂತಿತು.

"ಇಲ್ಲಿ ಸೀಳಿದೆ."

"ಹಳೇ ಪಂಪ್ ಅಲ್ವಾ. ಬಂಡೆಗೆ ಬಡಿದಾಗ ಆಗಿರುತ್ತೆ."

"ನನ್ನ ಕಿವಿಗೆ ಹೂ ಇಡಬೇಡ. ನಾನೂ ಮೀನುಗಾರನ ಮಗಳೇ. ಇದು ಒಳಗಿಂದ ಹೊರಕ್ಕೆ ಉಬ್ಬಿ ಸೀಳಿರೋದು. ನೀರು ಹೆಪ್ಪುಗಟ್ಟಿ ಒಡೆದಿರೋದು." ಅವಳ ದನಿ ಮೆಲ್ಲಗಾಯಿತು. "ಗಾಳಿ ಎಳ್ಕೊಂಡು ಸುಮ್ನೆ ಗುಂಯ್‌ಗುಟ್ಟಿದೆ. ಅದನ್ನ ನಂಬ್ಕೊಂಡು ಕೂತಿದಾನೆ."

ಅವಳು ಜೇಬಿನಿಂದ ಬಿಲ್ಲೆ ತೆಗೆದಳು. ವಸಂತದಲ್ಲಿ ಚುಕ್ಕಾಣಿಯಿಂದ ಬಿಚ್ಚಿ ಅಡುಗೆಮನೆಯ ಮೊಳೆಗೆ ಹಾಕಿದ್ದಂತೆ. ಶಿಲುಬೆ, ಎರಡು ಗೀಟು.

"ಇವತ್ತೂ ಅವನದೇ ಹಾಕೋಣ ಅಂತ ತಂದಿದ್ದೆ. ನನ್ನ ಮಂಕುಬುದ್ಧಿ ನೋಡು! ಪಂಪ್ ಖಾಲಿ ಮಾಡ್ದೇನೇ ಬಿಲ್ಲೆ ನೇತಾಕಿ ಹೋಗಿದಾನೆ. ಇಪ್ಪತ್ತಾರು ವರ್ಷ ಬಡ್ಕೊಂಡೆ, ಅವಸರ ಮಾಡ್ಬೇಡ ಅಂತ. ತನ್ನ ಕೈಯಾರೆ ಸತ್ತ. ಭಾನುವಾರ ಭಾನುವಾರ ಹೋಗಿ ಅವನ ಸಮಾಧಿ ಕಲ್ಲು ಒರೆಸಿ ಬರ್ತೀನಲ್ಲ, ನನಗೆ ನಾಚಿಕೆ ಆಗ್ಬೇಕು."

"ಗುನ್ನೆಲ್..."

"ಶನಿವಾರ ಸಂತರ ದಿನ. ಊರೆಲ್ಲ ಸಮಾಧಿಗೆ ದೀಪ ಹಚ್ಚಲಿ. ನಾನು ಹಚ್ಚಲ್ಲ. ಕತ್ತಲಲ್ಲೇ ಬಿದ್ದಿರಲಿ ಅವನು."

ಬಾಯಿ ಮುಚ್ಚಿಕೊಂಡಿದ್ದರೆ ನಾನು ಗೆದ್ದ ಹಾಗೆಯೇ ಇತ್ತು. ಸಮುದ್ರಕ್ಕೆ ಎಸೆಯುವ ಕಷ್ಟವೂ ಇರಲಿಲ್ಲ, ತಪ್ಪು ತಾನಾಗಿಯೇ ಹೋಗಿ ಸತ್ತವನ ತಲೆಯ ಮೇಲೆ ಕೂತಿತ್ತು. ಒಂದು ಗಳಿಗೆ ನನಗೆ ಹಾಯೆನಿಸಿದ್ದೂ ನಿಜ. ಅದನ್ನು ನೆನೆದರೆ ಈಗಲೂ ಮೈಮೇಲೆ ಉಗುಳಿಕೊಳ್ಳಬೇಕು ಅನ್ನಿಸುತ್ತದೆ.

"ಬಿಲ್ಲೆ ಹಾಕಿದ್ದು ಅವನಲ್ಲ," ಎಂದೆ. "ನಾನು."

ಅವಳು ತಲೆ ಎತ್ತಿದಳು. ಹಲ್ಲುನೋವು, ಸೆಟೆದ ಬೆರಳು, ವೆರ್ನರನ ಬೀಗದ ಕೈ, ಐಸು, ಕೆಟಲ್ ಎಲ್ಲವನ್ನೂ ಹೇಳಿದೆ. ಸೂಪು ಕುಡಿದದ್ದನ್ನೂ ಹೇಳಿದೆ. ಅವಳು ಪಂಪಿನ ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡು ಒರೆಸುತ್ತಲೇ ಇದ್ದಳು.

"ಈಸ್ಟರ್ ದಿನ ನೀನು ನಮ್ಮನೇಲಿ ಊಟಕ್ಕೆ ಕೂತಿದ್ದೆ," ಅಂದಳು ಕೊನೆಗೆ. "ಅವನ ಪಕ್ಕದಲ್ಲೇ. ಗೊತ್ತಿತ್ತಾ ಆಗ?"

"ಗೊತ್ತಿತ್ತು."

"ನಿನಗೆ ಎರಡನೇ ಸಲ ಕುರಿಮಾಂಸ ಬಡಿಸಿದ್ದು ಅವನೇ." ಅವಳ ಕಣ್ಣು ನನ್ನ ಚೀಲದ ಮೇಲೆ ಬಿತ್ತು. "ಅದರಲ್ಲೇನಿದೆ? ಅಷ್ಟು ದಪ್ಪ?"

"ಹೊಸ ಪಂಪು."

"ಹಳೇದನ್ನ ಏನು ಮಾಡೋನಿದ್ದೆ?"

"ಸಮುದ್ರಕ್ಕೆ ಎಸೆಯೋನಿದ್ದೆ."

"ಹೌದಪ್ಪ. ಅವನನ್ನ ಮುಳುಗಿಸಿದ ಕಡೆಗೇ."

ಬಡಿಯುತ್ತಾಳೆ ಎಂದುಕೊಂಡೆ. ಬಡಿದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಅಣ್ಣನ ಚೂರಿ ಬಿಚ್ಚಿ ಬಿಲ್ಲೆಯ ಜೊತೆಗೆ ನನ್ನ ಮುಂದೆ ಹಿಡಿದಳು.

"ಗೀಟು ಹಾಕು."

ಹಳೆಯ ಮರ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಚೂರಿ ಎರಡು ಸಲ ಜಾರಿತು. ಅಪ್ಪ ಕೊರೆದ ಎರಡು ಗೀಟುಗಳ ಕೆಳಗೆ ಮೂರನೆಯದು ಬೆಳ್ಳಗೆ, ವಕ್ರವಾಗಿ ಮೂಡಿತು. ಅವಳು ಕಿತ್ತುಕೊಂಡು ಜೇಬಿಗೆ ಹಾಕಿದಳು.

"ಈಗ ಹೊಸದನ್ನ ಕೂರಿಸೋದು ಹೇಳ್ಕೊಡು. ನೀನು ಮುಟ್ಬೇಡ. ಬಾಯಲ್ಲಿ ಹೇಳು."

ಹೇಳಿದೆ. ಅವಳು ಕೂರಿಸಿದಳು. ಪೈಪನ್ನು ಸಿಕ್ಕಿಸಿದಳು, ಪಟ್ಟಿ ಬಿಗಿದಳು, ದೋಣಿಯ ತಳಕ್ಕೆ ಗುಲಾಬಿ ದ್ರವ ಸುರಿದು ಸ್ವಿಚ್ಚು ಹಾಕಿದಳು. ದೋಣಿಯ ಪಕ್ಕದ ತೂತಿನಿಂದ ಮೊದಲು ನೀರು, ಆಮೇಲೆ ಗುಲಾಬಿ ದ್ರವ ನಾನು ಹಿಡಿದ ಬಕೆಟ್ಟಿಗೆ ಬಂತು. ಸಾಕು ಅಂದರೂ ಅವಳು ನಿಲ್ಲಿಸಲಿಲ್ಲ. ಪಂಪು ಗುಂಯ್‌ಗುಡುತ್ತಲೇ ಇತ್ತು. ಅವಳು ಕಣ್ಣು ಮುಚ್ಚಿ ಅದನ್ನೇ ಕೇಳುತ್ತ ಕೂತಿದ್ದಳು. ಆಮೇಲೆ ಸ್ವಿಚ್ಚು ಆರಿಸಿ, ಡಬ್ಬಿಯಲ್ಲಿದ್ದ ಖಾಲಿ ಬಿಲ್ಲೆಯೊಂದರ ಮೇಲೆ ಶಿಲುಬೆ, ಎರಡು ಗೀಟು ತಾನೇ ಕೊರೆದು ಚುಕ್ಕಾಣಿಗೆ ಕಟ್ಟಿದಳು.

"ಶನಿವಾರ ದೀಪ ಹಚ್ಚೋಕೆ ನಾನು ಹೋಗ್ತೀನಿ," ಅಂದಳು. "ಅವನ ಹತ್ರ ಕ್ಷಮೆ ಕೇಳೋದಿದೆ. ನೀನು ಅವತ್ತು ಬರ್ಬೇಡ."

ವೆರ್ನರ್ ಬೀಗದ ಕೈ ಹಿಡಿದುಕೊಂಡು ಬಂದ. ಚುಕ್ಕಾಣಿ ನೋಡಿ ತಲೆ ಆಡಿಸಿದ. ಗುನ್ನೆಲ್ ಜೇಬಿನ ಬಿಲ್ಲೆಯನ್ನು ಅವನ ಕೈಗಿಟ್ಟಳು.

"ಇದು ಹೋದ ವರ್ಷದ್ದು ವೆರ್ನರ್. ತಪ್ಪಿತ್ತು, ತಿದ್ದಿದೀವಿ."

ಮುದುಕ ಕನ್ನಡಕ ಹಾಕಿಕೊಂಡು ಹೆಬ್ಬೆರಳಿನಿಂದ ಗೀಟು ಎಣಿಸಿದ. ಬೆಳ್ಳಗಿದ್ದ ಮೂರನೆಯದರ ಮೇಲೆ ಬೆರಳು ಬಹಳ ಹೊತ್ತು ನಿಂತಿತು. ಹೋದ ವರ್ಷದ ಟೋಪಿಯ ಕತೆ ಅವನಿಗೆ ನೆನಪಾಗಿರಬೇಕು, ನನ್ನ ತಲೆಯ ಕಡೆ ನೋಡಿದ. ಬಾಗಿಲ ಪಕ್ಕದ ಮೊಳೆಗೆ, ಹೋಗಿಬರುವವರಿಗೆಲ್ಲ ಕಾಣುವ ಹಾಗೆ, ಆ ಬಿಲ್ಲೆ ತೂಗುಹಾಕಿ ಬೀಗ ಜಡಿದ. ಒಂದೊಂದು ದೋಣಿ ಒಳಸೇರಿ ಬೀಗ ಹಾಕಿದ ಮೇಲೂ ಅವನು ಅಲ್ಲಿದ್ದ ಎಲ್ಲರ ಕೈ ಕುಲುಕುತ್ತಾನೆ. ಗುನ್ನೆಲ್‌ಳ ಕೈ ಕುಲುಕಿದ. ನಾನು ಚಾಚಿದ ಕೈ ಹಾಗೇ ಉಳಿಯಿತು.

"ನಾಳೆ ನಿನ್ನ ದೋಣಿ ಬರುತ್ತಲ್ಲ ಟೂರೆ," ಅಂದ ವೆರ್ನರ್. "ಪಂಪ್ ನಾನೇ ಬಿಚ್ಚಿ ನೋಡ್ತೀನಿ. ಬಿಲ್ಲೆ ತರ್ಬೇಡ."